ಹೊಡೆದಾಟವಿಲ್ಲದ ಥ್ರಿಲ್ಲರ್: ಬೇಲೆಕೇರಿ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಸರ್, ನಾನು ಶಿರಸಿಯಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ಕಳೆದ ತಿಂಗಳು ನಾವು ಮೂವರು ಗೆಳತಿಯರು ಸೇರಿ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ನೋಡಿದೆವು. ಪೊಲಿಟಿಕಲ್ ಥ್ರಿಲ್ಲರ್ ಅಂದಿದ್ದರು. ಎರಡು ಗಂಟೆಗೂ ಜಾಸ್ತಿ ಹೊತ್ತು ಬರೀ ಫೋನು, ಬರೀ ಟೈಪಿಂಗ್. ಒಂದು ಫೈಟ್ ಇಲ್ಲ, ಒಂದು ಚೇಸ್ ಇಲ್ಲ. ಆದರೂ ಎದ್ದು ಹೋಗೋಕೆ ಆಗಲಿಲ್ಲ. ಅದು ಹೇಗೆ? ಬೇಲೆಕೇರಿ ಬಂದರಿನ ಅಕ್ರಮ ಅದಿರಿನ ವಿಷಯ ಇಟ್ಟುಕೊಂಡು ನಾವೂ ಒಂದು ಚಿತ್ರಕಥೆ ಬರೆಯಬೇಕು ಅಂತಿದ್ದೇವೆ. ಹೀರೊ ಒಬ್ಬ ಪತ್ರಕರ್ತ. ಕೊನೆಗೆ ಬಂದರಿನಲ್ಲಿ ಒಂದು ಫೈಟ್ ಇಡದಿದ್ದರೆ ಯಾರೂ ನೋಡಲ್ಲ ಅಂತ ಒಬ್ಬ ಗೆಳತಿ ಹಟ ಹಿಡಿದಿದ್ದಾಳೆ. ನೀವೇನು ಹೇಳುತ್ತೀರಿ?

ಉತ್ತರ: ಫೈಟ್ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಕಾರವಾರದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ವರದಿಗಾರನಾಗಿ ಕೆಲಸ ಮಾಡಿದವನು. ಸಿನಿಮಾದ ಹುಚ್ಚು ಅದಕ್ಕಿಂತ ಹಳೆಯದು. ‘ಎದ್ದು ಹೋಗೋಕೆ ಆಗಲಿಲ್ಲ’ ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಅದು. ಅಲ್ಲಿಂದಲೇ ಶುರು ಮಾಡೋಣ.

ಚಿತ್ರ ನೋಡದ ಓದುಗರಿಗಾಗಿ ಎರಡು ಮಾತು. 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ಐದು ಜನ ಸಿಕ್ಕಿಬಿದ್ದರು. ಅವರು ನುಗ್ಗಿದ್ದು ಆಗಿನ ಅಧ್ಯಕ್ಷರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ. ಬಾಗಿಲು ಲಾಕ್ ಆಗದಂತೆ ಅದಕ್ಕೆ ಟೇಪ್ ಅಂಟಿಸಿದ್ದರು. ಕಾವಲುಗಾರ ಅದನ್ನು ನೋಡಿ ಕಿತ್ತು ಹಾಕಿದ. ಇನ್ನೊಂದು ಸುತ್ತು ಬಂದಾಗ ಮತ್ತೆ ಟೇಪ್ ಇತ್ತು. ಪೊಲೀಸರಿಗೆ ಫೋನ್ ಮಾಡಿದ. ಚಿತ್ರದಲ್ಲಿ ಆ ಕಾವಲುಗಾರನ ಪಾತ್ರ ಮಾಡಿದವನು ಅದೇ ಮನುಷ್ಯ, ಫ್ರ್ಯಾಂಕ್ ವಿಲ್ಸ್. ಈ ಸಣ್ಣ ಕಳ್ಳತನದ ಸುದ್ದಿಯ ಬೆನ್ನು ಹತ್ತಿದವರು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಇಬ್ಬರು ಯುವ ವರದಿಗಾರರು, ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್. ದಾರಿ ಹೋಗಿ ನಿಂತದ್ದು ಅಧ್ಯಕ್ಷ ನಿಕ್ಸನ್ ಅವರ ಬಾಗಿಲಲ್ಲಿ. 1974ರ ಆಗಸ್ಟ್ 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು. ಅಲನ್ ಪಕುಲಾ ನಿರ್ದೇಶಿಸಿದ ಚಿತ್ರ ಬಂದದ್ದು 1976ರಲ್ಲಿ.

ಆ ಎರಡು ವರ್ಷದ ಅಂತರ ಗಮನಿಸಿ. ಟಿಕೆಟ್ ತೆಗೆದುಕೊಂಡು ಒಳಗೆ ಕೂತ ಪ್ರತಿಯೊಬ್ಬರಿಗೂ ಕೊನೆಗೆ ಏನಾಗುತ್ತದೆ ಅಂತ ಗೊತ್ತಿತ್ತು. ‘ಮುಂದೇನು’ ಅನ್ನುವ ಕುತೂಹಲವನ್ನು ನಂಬಿ ಕೂರುವ ಹಾಗೇ ಇರಲಿಲ್ಲ. ಅದಕ್ಕೆ ಅವರು ಬೇರೆ ಕುತೂಹಲ ಹಿಡಿದರು: ಇದು ನಿಜ ಅಂತ ಇವರಿಗೆ ಗೊತ್ತಾಗೋದು ಹೇಗೆ? ಒಂದೊಂದು ದೃಶ್ಯಕ್ಕೂ ಒಂದು ಸಣ್ಣ ಪ್ರಶ್ನೆ. ಈಕೆ ಬಾಗಿಲು ತೆಗೆಯುತ್ತಾಳಾ? ಈತ ಫೋನ್ ಇಟ್ಟುಬಿಡುತ್ತಾನಾ? ಹೇಳಿದ್ದನ್ನು ಇನ್ನೊಬ್ಬರು ಹೌದು ಅನ್ನುತ್ತಾರಾ?

ಬುಕ್‌ಕೀಪರ್ ಹೆಂಗಸಿನ ಮನೆಯ ದೃಶ್ಯ ನೆನಪಿದೆಯಾ? ನಿಕ್ಸನ್ ಚುನಾವಣಾ ಸಮಿತಿಯ ದುಡ್ಡಿನ ಲೆಕ್ಕ ಬರೆದವಳು ಆಕೆ. ಮಾತಾಡೋಕೆ ಭಯ, ಸುಮ್ಮನಿರೋಕೂ ಆಗದ ಸಂಕಟ. ಬರ್ನ್‌ಸ್ಟೀನ್ ಹೇಗೋ ಒಳಗೆ ಬಂದು ಕಾಫಿ ಕುಡಿಯುತ್ತಾ ಕೂರುತ್ತಾನೆ. ಅವಳು ಹೆಸರು ಹೇಳುವುದಿಲ್ಲ, ಹೆಸರಿನ ಮೊದಲ ಅಕ್ಷರ ಮಾತ್ರ ಹೇಳುತ್ತಾಳೆ. ಆ ಒಂದು ಅಕ್ಷರ ಹೊರಗೆ ಬರುವ ಹೊತ್ತಿಗೆ ನಾವು ಉಸಿರು ಹಿಡಿದಿರುತ್ತೇವೆ. ಆ ಪಾತ್ರ ಮಾಡಿದ ಜೇನ್ ಅಲೆಗ್ಸಾಂಡರ್ ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ನನ್ನ ಮಟ್ಟಿಗೆ ಇಡೀ ಚಿತ್ರದ ಬೆನ್ನೆಲುಬು ಆಕೆಯೇ.

ಯಾಕೆ ಅಷ್ಟು ಖಚಿತವಾಗಿ ಹೇಳುತ್ತೇನೆ ಅಂದರೆ, ಅಂಥವರನ್ನು ನಾನು ನೋಡಿದ್ದೇನೆ. ಒಂದು ಸರ್ಕಾರಿ ಕಚೇರಿ, ಯಾವುದು ಅಂತ ಬೇಡ. ಮಳೆಗಾಲ, ಮಧ್ಯಾಹ್ನ. ಒಂದು ಟೆಂಡರ್ ವಿಷಯಕ್ಕೆ ನಾಲ್ಕನೇ ಸಲ ಹೋಗಿದ್ದೆ. ಅಲ್ಲಿನ ಎಫ್‌ಡಿಎ ಮೂರು ಸಲವೂ ‘ಸಾಹೇಬ್ರನ್ನ ಕೇಳಿ’ ಅಂದಿದ್ದರು. ಅವತ್ತು ಅಷ್ಟೂ ಹೇಳಲಿಲ್ಲ. ಕಪಾಟಿನಿಂದ ಇನ್‌ವರ್ಡ್ ರಿಜಿಸ್ಟರ್ ತೆಗೆದರು. ಒಂದು ಪುಟ ಬಿಡಿಸಿದರು. ಗಾಳಿಗೆ ಹಾರದಂತೆ ಅದರ ಮೇಲೆ ಸ್ಟಾಂಪ್ ಪ್ಯಾಡ್ ಇಟ್ಟರು. ಪುಸ್ತಕವನ್ನು ನಿಧಾನಕ್ಕೆ ನನ್ನ ಕಡೆ ತಿರುಗಿಸಿದರು. ‘ಚಾ ಕುಡ್ಕೊಂಡು ಬರ್ತೆ’ ಅಂತ ಕೊಡೆ ತಗೊಂಡು ಎದ್ದು ಹೋದರು. ಕಾಗದ ಬಂದ ತಾರೀಕು ಅಲ್ಲಿತ್ತು. ಕಚೇರಿಯವರು ನನಗೆ ಹೇಳಿದ್ದ ತಾರೀಕಿಗೂ ಅದಕ್ಕೂ ಹನ್ನೊಂದು ದಿನದ ಫರಕು. ಅವರು ವಾಪಸ್ ಬಂದಾಗ ನಾನು ಪೆನ್ನು ಜೇಬಿಗೆ ಹಾಕಿಕೊಂಡಾಗಿತ್ತು. ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು. ಅವರಿಗೆ ಆಗ ಇಬ್ಬರು ಮಕ್ಕಳು, ನಿವೃತ್ತಿಗೆ ಎಂಟೋ ಒಂಬತ್ತೋ ವರ್ಷ ಬಾಕಿ. ಇವತ್ತಿಗೂ ನಾನು ಅವರ ಹೆಸರು ಯಾರಿಗೂ ಹೇಳಿಲ್ಲ.

ನಿಮ್ಮ ಚಿತ್ರಕಥೆಗೆ ಅಂಥ ಒಬ್ಬರು ಬೇಕು. ಪತ್ರಕರ್ತನಿಗಿಂತ ಮೊದಲು ಅವರನ್ನು ಹುಡುಕಿ. ಹೊರಬೀಳುವ ಪ್ರತಿ ಹಗರಣದ ಬುಡದಲ್ಲೂ ಹೀಗೆ ಪುಸ್ತಕ ತಿರುಗಿಸಿಟ್ಟ ಒಬ್ಬರು ಇರುತ್ತಾರೆ. ಸುದ್ದಿಯ ಮೇಲೆ ಬೈಲೈನ್, ಅಂದರೆ ಬರೆದವರ ಹೆಸರು, ನಮ್ಮದು ಬರುತ್ತದೆ. ಕೆಲಸ ಹೋಗುವ ಭಯ ಅವರದ್ದು.

ಇನ್ನು ಆ ಚಿತ್ರ ಕಟ್ಟಿದ ರೀತಿ. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಪತ್ರಿಕೆ ಕಚೇರಿಯಲ್ಲಿ ಎಲ್ಲೂ ನೆರಳು ಬಿಡಲಿಲ್ಲ. ಟ್ಯೂಬ್‌ಲೈಟ್ ಬೆಳಕು ಮೂಲೆ ಮೂಲೆಗೂ ಬೀಳುತ್ತದೆ. ಗುಟ್ಟಾಗಿ ಮಾಹಿತಿ ಕೊಡುವವನು ಸಿಗುವ ಪಾರ್ಕಿಂಗ್ ನೆಲಮಾಳಿಗೆಯಲ್ಲಿ ಮಾತ್ರ ಕಗ್ಗತ್ತಲು. ಆ ‘ಡೀಪ್ ಥ್ರೋಟ್’ ಎಫ್‌ಬಿಐನ ದೊಡ್ಡ ಅಧಿಕಾರಿ ಮಾರ್ಕ್ ಫೆಲ್ಟ್ ಅಂತ ಜಗತ್ತಿಗೆ ಗೊತ್ತಾದದ್ದು 2005ರಲ್ಲಿ. ಮೂವತ್ತಕ್ಕೂ ಜಾಸ್ತಿ ವರ್ಷ ವರದಿಗಾರರು ಬಾಯಿ ಬಿಡಲಿಲ್ಲ.

ಶಬ್ದವನ್ನೂ ಕೇಳಿಸಿಕೊಳ್ಳಿ. ಹಿನ್ನೆಲೆ ಸಂಗೀತ ತುಂಬಾ ಕಡಿಮೆ. ಮೊದಲ ದೃಶ್ಯದಲ್ಲಿ ಬಿಳಿ ಹಾಳೆಯ ಮೇಲೆ ಟೈಪ್‌ರೈಟರಿನ ಅಚ್ಚು ಬೀಳುವುದು ಗುಂಡು ಹೊಡೆದ ಹಾಗೆ ಕೇಳುತ್ತದೆ. ಕೊನೆಯಲ್ಲಿ ಟಿವಿಯೊಳಗೆ ನಿಕ್ಸನ್ ಎರಡನೇ ಸಲ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ, ತೋಪು ಹಾರುತ್ತದೆ. ಹಿಂದೆ ಇಬ್ಬರು ತಲೆ ಬಗ್ಗಿಸಿ ಟೈಪ್ ಮಾಡುತ್ತಲೇ ಇರುತ್ತಾರೆ. ನಿಮ್ಮ ಗೆಳತಿಗೆ ಬೇಕಾದ ಫೈಟ್ ಆ ಸೌಂಡಿನಲ್ಲೇ ಇದೆ.

ಒಂದು ಫೋನ್ ದೃಶ್ಯ ಇದೆ. ಕಳ್ಳರಲ್ಲಿ ಒಬ್ಬನ ಬ್ಯಾಂಕ್ ಖಾತೆಗೆ 25,000 ಡಾಲರಿನ ಒಂದು ಚೆಕ್ ಬಂದಿರುತ್ತದೆ. ಅದು ನಿಕ್ಸನ್ ಚುನಾವಣೆಗೆ ಅಂತ ಎತ್ತಿದ ದುಡ್ಡು. ವುಡ್‌ವರ್ಡ್ ಪಾತ್ರದ ರಾಬರ್ಟ್ ರೆಡ್‌ಫೋರ್ಡ್ ಫೋನಿನಲ್ಲಿ ಆ ಚೆಕ್ಕಿನ ಜಾಡು ಹಿಡಿಯುತ್ತಾನೆ. ಸುಮಾರು ಆರು ನಿಮಿಷ, ಒಂದೇ ಶಾಟ್. ಕ್ಯಾಮೆರಾ ಗೊತ್ತೇ ಆಗದ ಹಾಗೆ ಹತ್ತಿರ ಬರುತ್ತದೆ. ಹಿಂದೆ ಕಚೇರಿಯವರೆಲ್ಲ ಟಿವಿ ಮುಂದೆ ಗುಂಪುಗೂಡಿ ಬೇರೇನೋ ದೊಡ್ಡ ಸುದ್ದಿ ನೋಡುತ್ತಿರುತ್ತಾರೆ. ನಿಜವಾದ ದೊಡ್ಡ ಸುದ್ದಿ ಈ ಮೂಲೆಯ ಮೇಜಿನ ಮೇಲೆ ಹುಟ್ಟುತ್ತಿದೆ, ಯಾರಿಗೂ ಗೊತ್ತಿಲ್ಲ. ಈ ದೃಶ್ಯವನ್ನು ಇನ್ನೊಮ್ಮೆ ನೋಡಿ, ದಯವಿಟ್ಟು. ಈ ಸಲ ಸಬ್‌ಟೈಟಲ್ ಓದಬೇಡಿ, ಮುಖ ನೋಡಿ.

ಈಗ ನಿಮ್ಮ ಬೇಲೆಕೇರಿಗೆ ಬರುತ್ತೇನೆ. ಅದಕ್ಕೆ ಬೇಕಾದ ದಾರಿಯನ್ನು ಆ ಚಿತ್ರದ ಗ್ರಂಥಾಲಯದ ದೃಶ್ಯವೇ ತೋರಿಸುತ್ತದೆ. ಅಧ್ಯಕ್ಷರ ಕಚೇರಿಯಿಂದ ಯಾರು ಯಾವ ಪುಸ್ತಕ ತರಿಸಿಕೊಂಡರು ಅಂತ ನೋಡಲು ಇಬ್ಬರೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕೂತು ರಾಶಿ ರಾಶಿ ಚೀಟಿ ಮಗುಚುತ್ತಾರೆ. ಕ್ಯಾಮೆರಾ ಮೇಲೆ ಮೇಲೆ ಹೋಗಿ ಗುಮ್ಮಟ ಮುಟ್ಟುತ್ತದೆ. ಕೆಳಗೆ ಇಬ್ಬರು ಇರುವೆಯಷ್ಟು ಕಾಣುತ್ತಾರೆ. ಕೊನೆಗೆ ಏನು ಸಿಕ್ಕಿತು? ಏನೂ ಇಲ್ಲ. ಹುಡುಕಿದ ಹೆಸರಿನ ಚೀಟಿ ಸಿಗುವುದೇ ಇಲ್ಲ. ಏನೂ ಸಿಗದ ಒಂದು ಕೆಲಸವನ್ನು ಚಿತ್ರದ ಅತಿ ಸುಂದರ ದೃಶ್ಯವನ್ನಾಗಿ ಮಾಡಿದ್ದಾರೆ. ನನ್ನ ವೃತ್ತಿಯನ್ನು ಇಷ್ಟು ಗೌರವದಿಂದ ಕಂಡ ಇನ್ನೊಂದು ದೃಶ್ಯ ನಾನು ನೋಡಿಲ್ಲ.

ಬೇಲೆಕೇರಿ ಹಗರಣವೂ ಮೂಲದಲ್ಲಿ ಚೀಟಿಯ ಕಥೆ. ನೀವಾಗ ತುಂಬಾ ಚಿಕ್ಕವರು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಲಾರಿಯಲ್ಲಿ ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಬಳಿಯ ಬೇಲೆಕೇರಿಗೆ ಬರುತ್ತಿತ್ತು. ಮೀನುಗಾರರ ಊರು ಅದು. ದೊಡ್ಡ ಹಡಗು ದಡಕ್ಕೆ ಬರುವಷ್ಟು ಆಳ ಇಲ್ಲ. ಹಾಗಾಗಿ ಅದಿರನ್ನು ಧಕ್ಕೆಯಲ್ಲಿ ಬಾರ್ಜ್‌ಗೆ ತುಂಬಿ, ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಸಾಗಿಸುತ್ತಿದ್ದರು. ಆ ವರ್ಷಗಳಲ್ಲಿ ಅರಬೈಲ್ ಘಟ್ಟದಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು. ಲಾರಿ ಹಿಂದೆ ಲಾರಿ. ರಸ್ತೆ ಬದಿಯ ಮರದ ಎಲೆಗಳೆಲ್ಲ ಕೆಂಪು. ಮನೆಗೆ ಬಂದು ಅಂಗಿ ಒಗೆದರೆ ಬಕೆಟ್ಟಿನ ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗುತ್ತಿತ್ತು.

ಹಾಗೆ ಸಾಗುವ ಅದಿರಿಗೆ ಗಣಿ ಇಲಾಖೆಯ ಪರ್ಮಿಟ್ ಬೇಕು, ಅರಣ್ಯ ಇಲಾಖೆಯ ಪಾಸ್ ಬೇಕು. ಈಗ ಒಂದು ಲೆಕ್ಕ ಹಾಕಿ. ಒಂದು ಲಾರಿಗೆ 16 ಟನ್ ಅಂತ ಹಿಡಿಯಿರಿ. 1 ಲಕ್ಷ ಟನ್ ಅದಿರು ಬರಬೇಕಾದರೆ 6,250 ಟ್ರಿಪ್. ಟ್ರಿಪ್‌ಗೆ ಒಂದು ಅಂದರೂ 6,250 ಚೀಟಿ. ಅಷ್ಟು ಚೀಟಿ ಎಲ್ಲಾದರೂ ಇರಲೇಬೇಕು. ಹಡಗಿನ ಕಡೆ ಮುಚ್ಚಿಡೋದು ಕಷ್ಟ. ಸರಕು ತುಂಬುವ ಮುಂಚೆ ಹಡಗು ಎಷ್ಟು ಮುಳುಗಿತ್ತು, ತುಂಬಿದ ಮೇಲೆ ಎಷ್ಟು ಮುಳುಗಿತು ಅಂತ ನೋಡಿ ತೂಕ ಕಟ್ಟುತ್ತಾರೆ. ಕಸ್ಟಮ್ಸ್‌ನಲ್ಲಿ ಅದು ದಾಖಲಾಗುತ್ತದೆ. ಕೊಳ್ಳುವವನು ಆ ತೂಕಕ್ಕೇ ದುಡ್ಡು ಕೊಡೋದು. ಅಂದರೆ ಹೊರಗೆ ಹೋದದ್ದಕ್ಕೆ ಪಕ್ಕಾ ಲೆಕ್ಕ ಇದೆ. ಒಳಗೆ ಬಂದದ್ದಕ್ಕೆ ಚೀಟಿ ಇಲ್ಲ. ಈ ಎರಡರ ನಡುವಿನ ಗುಂಡಿಯೇ ನಿಮ್ಮ ಕಥೆ.

ನಡೆದದ್ದು ಇಷ್ಟು. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿತು. ಜಪ್ತಿ ಆಗಿ ಬಂದರಿನಲ್ಲೇ ಇರಬೇಕಾದ ಅದಿರು ಆಮೇಲೆ ಕಾಣೆಯಾಯಿತು. ಅಷ್ಟು ದೊಡ್ಡ ರಾಶಿ ಕರಗಿದ್ದು ಹೇಗೆ ಅಂತ ಊರವರೇ ಕೇಳುತ್ತಿದ್ದರು. ಜಪ್ತಿ ಮಾಡಿದ ಅರಣ್ಯ ಅಧಿಕಾರಿಯನ್ನೇ ಅಮಾನತು ಮಾಡುವ ಪ್ರಯತ್ನ ನಡೆಯಿತು. ಅದನ್ನು ಸಹಿಸದೆ ಲೋಕಾಯುಕ್ತ ಸಂತೋಷ್ ಹೆಗ್ಡೆ 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಜುಲೈ ಮೊದಲ ವಾರ ವಾಪಸ್ ಪಡೆದರು. ಅದೇ ಜುಲೈನಲ್ಲಿ ಸರ್ಕಾರ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು. ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಅದು ಲೆಕ್ಕ ಹಾಕಿತು. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಚೀಟಿ ಇಲ್ಲದ ಲಾರಿಯನ್ನು ಅಡ್ಡಿಯಿಲ್ಲದೆ ದಾಟಿಸಲು ದುಡ್ಡು ಪಡೆಯುವ ಒಂದು ಏರ್ಪಾಡು ಇತ್ತು, ಅದಕ್ಕೆ ‘ಝೀರೋ ರಿಸ್ಕ್’ ಅಂತ ಹೆಸರು ಅಂತ ಆ ವರದಿ ಹೇಳುತ್ತದೆ. ಕಲ್ಪನೆಯಿಂದ ಇಂಥ ಹೆಸರು ಹುಟ್ಟಿಸೋಕೆ ನಮ್ಮಿಂದ ಆಗುತ್ತಾ?

ಇಲ್ಲಿ ನಿಮಗೆ ಒಂದು ಕಷ್ಟದ ಮಾತು ಹೇಳಬೇಕು. ನಿಮ್ಮ ಹೀರೊ ಪತ್ರಕರ್ತ ಅಂದಿರಿ. ಬೇಲೆಕೇರಿಯಲ್ಲಿ ಜಪ್ತಿ ಮಾಡಿದ್ದು ಅರಣ್ಯ ಅಧಿಕಾರಿಗಳು. ವರ್ಷಗಟ್ಟಲೆ ಲೆಕ್ಕ ತಾಳೆ ನೋಡಿದ್ದು ಲೋಕಾಯುಕ್ತರ ತಂಡ. ನಾವು ಬರೆದೆವು, ಬರೆಯುತ್ತಲೇ ಇದ್ದೆವು, ಅದಕ್ಕೂ ಬೆಲೆ ಇದೆ. ಆದರೆ ಒಬ್ಬ ವರದಿಗಾರ ಎಲ್ಲವನ್ನೂ ಬಯಲು ಮಾಡಿದ ಅಂತ ತೋರಿಸಿದರೆ ಅದು ಸುಳ್ಳಾಗುತ್ತದೆ. ವಾಟರ್‌ಗೇಟ್‌ನಲ್ಲೂ ಹೀಗೇ. ಎಫ್‌ಬಿಐ ತನಿಖೆ ಇತ್ತು. 1973ರ ಮೇ ತಿಂಗಳಿಂದ ಸೆನೆಟ್ ಸಮಿತಿಯ ಬಹಿರಂಗ ವಿಚಾರಣೆ ನಡೆಯಿತು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿಕ್ಸನ್ ಅವರ ಧ್ವನಿಮುದ್ರಿಕೆಗಳನ್ನು ಒಪ್ಪಿಸಲೇಬೇಕು ಅಂದಿತು. ಚಿತ್ರ ಇದನ್ನೆಲ್ಲ ಕೊನೆಯಲ್ಲಿ ಒಂದೆರಡು ನಿಮಿಷದ ಟೆಲಿಪ್ರಿಂಟರ್ ಸಾಲುಗಳಲ್ಲಿ ಮುಗಿಸುತ್ತದೆ. ಅಷ್ಟು ಒಳ್ಳೆಯ ಚಿತ್ರದಲ್ಲಿ ನನಗೆ ಕೊರತೆ ಅನಿಸುವ ಜಾಗ ಅದೊಂದೇ. ಆ ಚಿತ್ರ ನೋಡಿ ಬೆಳೆದ ನಮ್ಮಂಥವರು ವರದಿಗಾರನೇ ಎಲ್ಲ ಅಂತ ನಂಬಿಬಿಟ್ಟೆವು. ನೀವು ನಂಬಬೇಡಿ. ನಿಮ್ಮ ಕಥೆಯಲ್ಲಿ ಪತ್ರಕರ್ತೆ ಇರಲಿ, ಆದರೆ ಫಾರೆಸ್ಟ್ ಗಾರ್ಡ್ ಇರಲಿ, ವೇಬ್ರಿಡ್ಜ್‌ನಲ್ಲಿ ರಾತ್ರಿ ಪಾಳಿಯ ಹುಡುಗ ಇರಲಿ, ಬಾರ್ಜ್‌ನವನೂ ಇರಲಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಡು ಕಾಗದ.

ಆ ಚಿತ್ರದಿಂದ ಕಲಿಯಬೇಕಾದ ಇನ್ನೊಂದು ಮುಖ್ಯ ವಿಷಯ ತಪ್ಪು. ನೆನಪಿದೆಯಲ್ಲ, ಇಬ್ಬರೂ ಒಂದು ದೊಡ್ಡ ಸುದ್ದಿಯಲ್ಲಿ ಎಡವುತ್ತಾರೆ. ನಿಕ್ಸನ್ ಆಪ್ತ ಹಾಲ್ಡ್‌ಮನ್ ಹೆಸರನ್ನು ಸಾಕ್ಷಿಯೊಬ್ಬ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಹೇಳಿದ ಅಂತ ಬರೆಯುತ್ತಾರೆ. ಆತ ಹಾಗೆ ಹೇಳಿರಲೇ ಇಲ್ಲ. ಅದಕ್ಕೂ ಮುಂಚೆ ಬರ್ನ್‌ಸ್ಟೀನ್ ಫೋನಿನಲ್ಲಿ ಒಬ್ಬರಿಗೆ ‘ಹತ್ತರವರೆಗೆ ಎಣಿಸುತ್ತೇನೆ, ಸುದ್ದಿ ತಪ್ಪಿದ್ದರೆ ಫೋನ್ ಇಟ್ಟುಬಿಡಿ’ ಅಂತ ಖಾತ್ರಿ ಮಾಡಿಕೊಳ್ಳೋಕೆ ನೋಡಿರುತ್ತಾನೆ. ಫೋನ್ ಇಡಲಿಲ್ಲ, ಆದರೂ ಸುದ್ದಿ ತಪ್ಪಾಗಿತ್ತು. ಒಬ್ಬರು ಒಂದು ತಿಳಿದರು, ಇನ್ನೊಬ್ಬರು ಇನ್ನೊಂದು.

ಆ ದೃಶ್ಯ ಬಂದಾಗ ನನಗೆ ಹೊಟ್ಟೆ ಹಿಂಡುತ್ತದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೊಂದು ಲಂಚದ ಸುದ್ದಿ ಬರೆದೆ. ಸುದ್ದಿ ನಿಜ. ಹೆಸರೂ ನಿಜ. ಆದರೆ ಆ ಕಚೇರಿಯಲ್ಲಿ ಒಂದೇ ಇನಿಶಿಯಲ್‌ನ ಇಬ್ಬರು ನಾಯ್ಕರು ಇದ್ದರು. ನಮ್ಮ ಜಿಲ್ಲೆಯಲ್ಲಿ ಇದು ಎಷ್ಟು ಮಾಮೂಲು ಅಂತ ನಿಮಗೆ ಗೊತ್ತು, ಘಟ್ಟದ ಮೇಲೆ ಹೆಗಡೆ, ಭಟ್ಟರ ಕಥೆಯೂ ಅದೇ. ನಾನು ಹುದ್ದೆ ಬರೆದಿರಲಿಲ್ಲ. ಬೆಳಿಗ್ಗೆ ಪತ್ರಿಕೆ ಬಂತು, ಊರೆಲ್ಲ ಇನ್ನೊಬ್ಬ ನಾಯ್ಕರನ್ನು ನೋಡಿತು. ಆ ಮನುಷ್ಯ ಜನ್ಮದಲ್ಲಿ ಯಾರಿಂದಲೂ ಒಂದು ಚಾ ಕುಡಿದವರಲ್ಲ. ಮರುದಿನ ತಿದ್ದುಪಡಿ ಹಾಕಿದೆವು, ಒಳಪುಟದಲ್ಲಿ ಎರಡು ಇಂಚು. ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, ನೀರು ಬೆಲ್ಲ ತಂದಿಟ್ಟು, ‘ಕೂತ್ಕೊಳ್ಳಿ, ಅವ್ರು ಹೊರಗೆ ಹೋಗ್ತಾ ಇಲ್ಲ, ಒಳಗೇ ಇದ್ದಾರೆ’ ಅಂದರು. ಅವರು ಹೊರಗೆ ಬರಲಿಲ್ಲ. ನಾನು ಅರ್ಧ ಗಂಟೆ ಕೂತು ಎದ್ದು ಬಂದೆ.

ನಿಮ್ಮ ಚಿತ್ರಕಥೆಯ ಮಧ್ಯಭಾಗದಲ್ಲಿ ಒಂದು ತಪ್ಪು ಇರಲಿ. ಪತ್ರಕರ್ತೆ ಮಾಡಿದ ತಪ್ಪು. ಅದರಿಂದ ನಿರಪರಾಧಿಯೊಬ್ಬರಿಗೆ ಪೆಟ್ಟು ಬೀಳಲಿ. ಅಲ್ಲಿಂದ ಮುಂದೆ ಆಕೆ ಹಾಕುವ ಪ್ರತಿ ಫೋನೂ ಪ್ರೇಕ್ಷಕರಿಗೆ ಚೇಸ್ ನೋಡಿದಷ್ಟು ಬಿಗಿಯಾಗುತ್ತದೆ, ಯಾಕೆಂದರೆ ತಪ್ಪಿದರೆ ಏನಾಗುತ್ತದೆ ಅಂತ ಅವರು ಕಣ್ಣಾರೆ ನೋಡಿರುತ್ತಾರೆ.

ಕನ್ನಡದಲ್ಲಿ ಇದು ನಡೆಯುತ್ತಾ ಅಂತ ನಿಮ್ಮ ಗೆಳತಿ ಕೇಳಿದರೆ 1985ರ ‘ಆಕ್ಸಿಡೆಂಟ್’ ತೋರಿಸಿ. ಶಂಕರ್ ನಾಗ್ ಹುಟ್ಟಿದ್ದು ನಮ್ಮ ಹೊನ್ನಾವರದಲ್ಲಿ. ನಿರ್ದೇಶನವೂ ಅವರದೇ, ಸತ್ಯ ಹುಡುಕುವ ಪತ್ರಕರ್ತನ ಪಾತ್ರವೂ ಅವರದೇ. ಮಗನ ಅಪರಾಧ ಮುಚ್ಚಿಡುವ ರಾಜಕಾರಣಿಯಾಗಿ ಅಣ್ಣ ಅನಂತ್ ನಾಗ್. ಅನಂತ್ ನಾಗ್ ದನಿ ಎತ್ತುವುದೇ ಅಪರೂಪ, ಅದಕ್ಕೇ ಭಯ ಜಾಸ್ತಿ. ನಿಮ್ಮ ಖಳನೂ ಹಾಗೇ ಇರಲಿ. ಆಫೀಸಿನಲ್ಲಿ ಕೂತು ಸಹಿ ಹಾಕುವ, ನಿಮ್ಮ ಅಪ್ಪ ಅಮ್ಮನ ಆರೋಗ್ಯ ವಿಚಾರಿಸುವ ಮನುಷ್ಯ.

ಕಾನೂನಿನ ಎಚ್ಚರಿಕೆ ಒಂದಿದೆ. ಬೇಲೆಕೇರಿ ಪ್ರಕರಣಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಆಗಿನ ಕಾರವಾರ ಶಾಸಕರೂ ಸೇರಿ ಹಲವರಿಗೆ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹಾಗಾಗಿ ಬದುಕಿರುವ ಯಾರ ಹೆಸರೂ ಬೇಡ, ಯಾರನ್ನೂ ಹೋಲುವ ಪಾತ್ರವೂ ಬೇಡ. ಬಂದರಿಗೂ ಬೇರೆ ಹೆಸರಿಡಿ. ಘಟ್ಟ, ಧೂಳು, ಚೀಟಿ ಮಾತ್ರ ನಿಜದ್ದೇ ಇರಲಿ.

ಈಗ ಮಾಡಬೇಕಾದ ಕೆಲಸ. ಲೋಕಾಯುಕ್ತ ವರದಿಯಲ್ಲಿ ಬಂದರಿನ ಭಾಗವನ್ನು ಮೂವರೂ ಹಂಚಿಕೊಂಡು ಓದಿ. ಮೊದಲ ಓದಿಗೆ ಬೇಜಾರಾಗುತ್ತದೆ, ಎರಡನೇ ಓದಿಗೆ ಅಂಕಿಗಳು ಮಾತಾಡುತ್ತವೆ. ಬೇಕಾದ ಕಾಗದ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ, ಆ ಅನುಭವವೂ ಒಂದು ದೃಶ್ಯವಾಗುತ್ತದೆ. ಆಮೇಲೆ ಒಂದು ದಿನ ಬೆಳಿಗ್ಗೆ ಯಲ್ಲಾಪುರಕ್ಕೆ ಹೋಗಿ ಅಂಕೋಲಾ ಬಸ್ ಹತ್ತಿ. ಕಿಟಕಿ ಪಕ್ಕ ಕೂತು ಘಟ್ಟ ಇಳಿಯಿರಿ. ಬೇಲೆಕೇರಿಯಲ್ಲಿ ಬಲೆ ಸರಿ ಮಾಡುತ್ತಾ ಕೂತ ಅಜ್ಜಂದಿರ ಹತ್ತಿರ ‘ಆಗ ಹೇಗಿತ್ತು’ ಅಂತಷ್ಟೇ ಕೇಳಿ ಸುಮ್ಮನಿರಿ. ಅವತ್ತು ಕ್ಯಾಮೆರಾ ಬೇಡ, ಫೋನೂ ಬ್ಯಾಗಿನಲ್ಲೇ ಇರಲಿ.

ಮೊದಲ ದೃಶ್ಯ ನನ್ನ ಕಣ್ಣಿಗೆ ಹೀಗೆ ಕಾಣುತ್ತದೆ, ಬೇಕಾದರೆ ತಗೊಳ್ಳಿ. ರಾತ್ರಿ, ಚೆಕ್‌ಪೋಸ್ಟ್, ಮಳೆ. ಲಾರಿ ಡ್ರೈವರ್ ಒಂದು ಚೀಟಿ ಕೊಡುತ್ತಾನೆ. ಗಾರ್ಡ್ ಟಾರ್ಚ್ ಬೆಳಕಲ್ಲಿ ನೋಡುತ್ತಾನೆ. ನಂಬರ್ ಎಲ್ಲೋ ನೋಡಿದ ಹಾಗಿದೆ. ತನ್ನ ಪುಸ್ತಕದಲ್ಲಿ ಎರಡು ಪುಟ ಹಿಂದೆ ತಿರುಗಿಸುತ್ತಾನೆ. ಅದೇ ನಂಬರಿನ ಚೀಟಿ ಸಂಜೆಯೇ ದಾಟಿ ಹೋಗಿದೆ. ತಲೆ ಎತ್ತಿ ನೋಡಿದರೆ ಹಿಂದೆ ನಲವತ್ತು ಲಾರಿಗಳ ಲೈಟು. ಗಾರ್ಡ್ ಏನು ಮಾಡುತ್ತಾನೆ ಅನ್ನೋದನ್ನು ನೀವು ಬರೆಯಿರಿ. ಹತ್ತು ಪುಟ ಆದ ಮೇಲೆ ಕಳಿಸಿಕೊಡಿ, ಖಂಡಿತ ಓದುತ್ತೇನೆ.